ಹೊಟ್ಟೆ ಸೀಳದ ದ

ದೂಮಪ್ಪ ಶೆಟ್ಟಿಗಾರರ ಬೊಂಬೆಪೆಟ್ಟಿಗೆಯ ಮೇಲೆ
ಅಕ್ಷರ ಬರೆದದ್ದು ನಾನೇ.
ಕುಂಬಳೆ ಪೇಟೆ, ಮೀನು ಮಾರ್ಕೆಟ್ಟಿನ ಹಿಂದಿನ ಜಗಲಿ.
ಮೇಲೆ ಮಲಯಾಳ, ಕೆಳಗೆ ಕನ್ನಡ,
ನಡುವೆ ಉಳಿದ ಜಾಗಕ್ಕೆ ಒಂದು ನವಿಲು.
ಕೂಲಿ ನೂರಿಪ್ಪತ್ತು. ನವಿಲು ಧರ್ಮಕ್ಕೆ.

ಪೇಂಟು ಒಣಗುವ ಹೊತ್ತಿಗೆ ಶಾಲೆ ಬಿಟ್ಟಿತು.
ಮೊಮ್ಮಗಳು ಜಲಜಾಕ್ಷಿ, ಐದನೆಯ ಕ್ಲಾಸು,
ಚೀಲ ಇಳಿಸದೆ ಬೆರಳು ಇಟ್ಟಳು:
‘ಎಂತ ಮಾವ, ಇದು ತಪ್ಪು.
ಸೂತ್ರಧಾರ ಆಗಬೇಕು. ಹೊಟ್ಟೆ ಸೀಳಬೇಕು.’

ನೋಡಿದೆ. ಹೌದು.
ಸೂತ್ರದಾರ.
ಅಕ್ಕಿಯ ನುಚ್ಚಿನಷ್ಟು ಒಂದು ಗೀಟು
ಬಿಟ್ಟುಹೋಗಿದೆ.

ಬ್ರಷ್ಷು ಅದ್ದಿದೆ. ಶೆಟ್ಟಿಗಾರರು ಕೈ ತಡೆದರು:
‘ನಿಲ್ಲು ಮಾರಾಯ. ಸೂತ್ರ ಅಂದರೆ ಎಂತದು?’
ದಾರ.
‘ದಾರ ಅಂದರೆ?’
ದಾರವೇ.
‘ಮತ್ತೆ ಹಿಡಿಯುವವ ಎಲ್ಲಿ?’
ಎಲೆಯಡಿಕೆಯ ಕೆಂಪು ಬಾಯಿ ತೆರೆದು
ಕೆಮ್ಮು ಬರುವಷ್ಟು ನಕ್ಕರು.
‘ದಾರದ ಮೇಲೆ ದಾರ! ಇರಲಿ ಬಿಡು.
ಪರದೆಯ ಮೇಲುಗಡೆ ಬಗ್ಗಿ ನಿಂತವನ
ಬೆನ್ನುನೋವು ಕಟ್ಟಿಕೊಂಡು ಯಾರಿಗೇನು?’

ಅವರ ಅಪ್ಪ ನೇಯುತ್ತಿದ್ದವರು.
ಮಗ್ಗ ಹೋಯಿತು, ಅದರ ಗುಂಡಿಯಲ್ಲಿ ಬೆಕ್ಕು ಮರಿ ಹಾಕಿತು.
ಹಾಸಿಗೆಂದು ಸುತ್ತಿಟ್ಟ ನೂಲು ಮಾತ್ರ
ಒಂದು ಹರಿವಾಣದಷ್ಟು ಉಳಿದಿತ್ತು.
ಅದಕ್ಕೆ ಕಪ್ಪು ಹಾಕಿ
ಹಾಲೆಮರದ ಕೈಗೆರಡು, ಕಾಲಿಗೆರಡು,
ತಲೆಯ ಎಡಕ್ಕೊಂದು, ಬಲಕ್ಕೊಂದು ಕಟ್ಟಿದರು.
ಸೀರೆಯಾಗಬೇಕಿದ್ದದ್ದು
ತಾಮ್ರಧ್ವಜನ ಮೊಣಕೈ ಎತ್ತಿತು.

‘ನೀಲೇಶ್ವರದಲ್ಲಿ ಆಡಿದೆವಲ್ಲ ಆ ವರ್ಷ,
ಮಕ್ಕಳೆಲ್ಲ ಪಾವ ಪಾವ ಅಂತ ಕೂಗಿದರು.
ನಮ್ಮ ಬಾಯಲ್ಲೂ ಇತ್ತು ಅದರ ತಂಗಿ, ಪಾಪೆ.
ಬೊಂಬೆ ಬಂದಳು, ಗೊಂಬೆಯೂ ಆದಳು,
ಪಾಪೆ ಪಾಪ, ಓಡಿಹೋಗಿ
ಕಣ್ಣೊಳಗೆ ಅಡಗಿ ಕೂತಳು.
ಯಾಕೆ ಹಾಗೆ ಹೆಸರು, ಗೊತ್ತುಂಟ? ಬಾ, ಹತ್ತಿರ ಬಾ.
ನನ್ನ ಕಣ್ಣು ನೋಡು.’

ನೋಡಿದೆ.
ಪೊರೆ ಬಂದ ಕಪ್ಪಿನಲ್ಲಿ
ಉಗುರಿನಷ್ಟು ಉದ್ದದವನೊಬ್ಬ
ಬ್ರಷ್ಷು ಹಿಡಿದು ನಿಂತಿದ್ದ.
‘ಅವನಿಗೆ ದಾರ ಎಲ್ಲಿ ಕಟ್ಟಿದ್ದು, ಹೇಳು.’

ನಾನು ಹೇಳಲಿಲ್ಲ. ಜಲಜಾಕ್ಷಿ ಬಿಡಲಿಲ್ಲ:
‘ಅಜ್ಜ, ದ ಅಲ್ಪಪ್ರಾಣ, ಧ ಮಹಾಪ್ರಾಣ.
ಬಾಯಿಯ ಎದುರು ಕೈ ಹಿಡಿದರೆ ಗಾಳಿ ತಾಗಬೇಕು.’
ಅಜ್ಜ ಅಂಗೈ ಹಿಡಿದರು. ಧ ಅಂದರು.
ಆಮೇಲೆ, ಯಾಕೋ,
ಬೊಂಬೆಯ ಬಾಯಿಗೂ ಅಂಗೈ ಹಿಡಿದು
ಬಹಳ ಹೊತ್ತು ಕಾದರು.

ಈ ಸಲ ತುಲಾಮಾಸದಲ್ಲಿ ಅವಳೇ ಹೇಳಿಕಳಿಸಿದಳು.
ಈಗ ಆರಿಕ್ಕಾಡಿಯಲ್ಲಿ ಟೀಚರು. ಪೆಟ್ಟಿಗೆ ಅವಳ ಮನೆಯಲ್ಲಿ.
ನವಿಲಿನ ಕುತ್ತಿಗೆ ಉದುರಿತ್ತು, ಅಕ್ಷರ ಗಟ್ಟಿ ಇತ್ತು.
ಹಲ್ಲಿನಲ್ಲಿ ನೂಲು ಕಚ್ಚಿ, ಸೂಜಿಯ ಕಣ್ಣು ಹುಡುಕುತ್ತ
ತಲೆ ಎತ್ತದೆ ಅಂದಳು:
‘ಇನ್ನು ಸೀಳು, ಮಾವ.’

ಎರಡನೆಯ ನಂಬರಿನ ಬ್ರಷ್ಷು. ನನ್ನ ಕೈ ಈಗ
ನಾನು ಹೇಳದೆಯೂ ಆಡುತ್ತದೆ.
ಗೀಟು ಎಳೆದೆ. ಪೇಂಟು ತೆಳ್ಳಗಾಗಿತ್ತೋ ಏನೋ,
ಧದ ಅಡಿಯಿಂದ ಒಂದೆಳೆ
ಜಾರಿ ಇಳಿಯಿತು, ಬೀಗದ ಕೊಂಡಿಯವರೆಗೆ.
ಒರೆಸಲು ಬಟ್ಟೆ ತೆಗೆದೆ.
‘ಬೇಡ’ ಅಂದಳು.

ಒಂದು ಗೀಟಿಗೆ ಎಷ್ಟಂತ ತೆಗೆದುಕೊಳ್ಳುವುದು?
ಚಹಾ ಕುಡಿದು ಬಂದೆ.
ರೈಲುಗೇಟು ದಾಟುವಾಗ ಕಂಡಿತು,
ಎಡಗೈ ಬಾಯಿಯ ಎದುರು ಇದೆ.